ಇಳಿಯಲು ಅನುಮತಿ

ಡ್ರೈವಿಂಗ್ ಮೇಷ್ಟ್ರ ಗಂಟಲು ಊರಿಗೇ ಗೊತ್ತಿತ್ತು. "ಕ್ಲಚ್! ಕ್ಲಚ್ ಅಂದೆ, ಕಾಲು ಎಲ್ಲಿಟ್ಟಿದೀರಿ?" ಎಂದು ಅವರು ಪಕ್ಕದ ಸೀಟಿನಿಂದ ಕೂಗಿದರೆ ಕಲಿಯುವವರ ಜೊತೆಗೆ ಹಾದಿಯಲ್ಲಿ ಹೋಗುವವರೂ ಬೆಚ್ಚಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಅವರ ಕೈಕೆಳಗೆ ಸ್ಟಿಯರಿಂಗ್ ಹಿಡಿಯದವರು ಆ ಬಡಾವಣೆಯಲ್ಲಿ ಕಡಿಮೆ. ಹಿಡಿದೂ ಕಲಿಯದೇ ಉಳಿದವರಲ್ಲಿ ಅವರ ಹೆಂಡತಿಯೂ ಒಬ್ಬಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಕೂತು, ಬೀದಿಯ ತಿರುವು ದಾಟುವುದರೊಳಗೆ ಇಳಿದು, "ನಿಮ್ಮ ಬಾಯಿಗೆ ಸಿಕ್ಕೋದಕ್ಕಿಂತ ನಡ್ಕೊಂಡು ಹೋಗೋದೇ ಮೇಲು" ಎಂದು ನಡೆದೇ ಮನೆಗೆ ಬಂದಿದ್ದಳು. ಆಮೇಲೆ ತನ್ನ ಹೊಲಿಗೆ ಯಂತ್ರ ಬಿಟ್ಟು ಬೇರೆ ಯಾವ ಯಂತ್ರದ ತಂಟೆಗೂ ಹೋದವಳಲ್ಲ.

ಅಂಥವಳು ಈಗ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ವಿಮಾನಗಳಿಗೆ ದಾರಿ ಹೇಳುವ ವಿದ್ಯೆ ಕಲಿಯುತ್ತಿದ್ದಳು. ನಿಜವಾದ ವಿಮಾನಗಳಲ್ಲ, ಕಂಪ್ಯೂಟರಿನಲ್ಲಿ ಹಾರುವವು. ಮೇಷ್ಟ್ರಿಗೆ ಆ ಗೀಳು ಹತ್ತಿ ವರ್ಷಗಳಾಗಿದ್ದವು. ದಿನವೆಲ್ಲ ಕಾರಿನಲ್ಲಿ ಕೂಗಿ ಬಂದವರು ಸಂಜೆ ಹಿಂದಿನ ಕೋಣೆಯಲ್ಲಿ ಪರದೆಯ ಮುಂದೆ ಕೂತು ಪುಟ್ಟ ವಿಮಾನವೊಂದನ್ನು ಹಾರಿಸುತ್ತಿದ್ದರು. ಅದಕ್ಕೊಂದು ಕ್ಲಬ್ಬು ಬೇರೆ. ಎಲ್ಲೆಲ್ಲೋ ಇರುವ ಹತ್ತಾರು ಜನ, ತಂತಮ್ಮ ಮನೆಯಲ್ಲೇ ಕೂತು, ಕೆಲವರು ಹಾರುತ್ತಿದ್ದರು, ಕೆಲವರು ವಿಮಾನ ನಿಲ್ದಾಣದ ಟವರಿನಲ್ಲಿ ಇದ್ದೇವೆಂದುಕೊಂಡು ಮೈಕಿನಲ್ಲಿ ಏರು, ಇಳಿ, ತಿರುಗು ಎಂದು ಅಪ್ಪಣೆ ಕೊಡುತ್ತಿದ್ದರು. "ಬೆಳೆದ ಗಂಡಸರ ಗೊಂಬೆಯಾಟ" ಎಂದು ಆಕೆ ಮೂಗು ಮುರಿಯುತ್ತಿದ್ದಳು.

ಅಷ್ಟರಲ್ಲಿ ಮೇಷ್ಟ್ರ ಗಂಟಲು ಕಟ್ಟಿತು. ಕೂಗಿ ಕೂಗಿ ಆಗಿರಬೇಕು, ಬಿಸಿನೀರು ಕುಡಿದರೆ ಹೋಗುತ್ತದೆ ಎಂದುಕೊಂಡರು. ಹೋಗಲಿಲ್ಲ. ಡಾಕ್ಟರು ಒಳಗೆ ಗಡ್ಡೆ ಇದೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮೊದಲಿನ ಮಾತು ಇರುವುದಿಲ್ಲ ಎಂದರು. "ಜೀವಕ್ಕೆ?" ಎಂದು ಆಕೆ ಕೇಳಿದ್ದಕ್ಕೆ, "ತೆಗೆದು ನೋಡೋಣಮ್ಮ" ಎಂದು ಮೇಜಿನ ಮೇಲಿನ ಪೆನ್ನನ್ನು ಆಚೆಯಿಂದ ಈಚೆಗಿಟ್ಟರು.

ಆವತ್ತಿನಿಂದ ಮೇಷ್ಟ್ರ ಬಾಯಿಗೆ ಬೀಗ ಬಿತ್ತು. ಮಾತಾಡಬೇಡಿ ಎಂದು ಯಾರೂ ಹೇಳಿರಲಿಲ್ಲ, ಅವರೇ ಸುಮ್ಮನಾದರು. ಊಟಕ್ಕೆ ಕರೆದರೆ "ಹೂಂ", ಇನ್ನಷ್ಟು ಬಡಿಸಲಾ ಎಂದರೆ "ಬೇಡ". ಆದರೆ ಸಂಜೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡರೆಂದರೆ ಗೋಡೆಯಾಚೆಯಿಂದ ಗೊಗ್ಗರು ದನಿ ಕೇಳಿಸುತ್ತಿತ್ತು. ಎತ್ತರ ಹೇಳುವರು, ದಿಕ್ಕು ಹೇಳುವರು, ಧನ್ಯವಾದ ಹೇಳುವರು. ಯಾರಿಗೆ? ಮುಖ ಕಂಡಿರದ ಯಾವನಿಗೋ. ಆಕೆ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು. ಉಳಿದಿರುವುದೇ ಇಷ್ಟು ದನಿ, ಅದನ್ನೂ ಕಂಡವರಿಗೆಲ್ಲ ಹಂಚಿ ಮುಗಿಸುತ್ತಿದ್ದಾರಲ್ಲ!

ಆಕೆ ಅಕ್ಕನ ಮಗಳಿಗೆ ಫೋನ್ ಮಾಡಿದಳು. ಎಲ್ಲರೂ ಪುಟ್ಟಿ ಎಂದೇ ಕರೆಯುವ ಆ ಹುಡುಗಿ ಚಿಕ್ಕಪ್ಪನ ಗೀಳನ್ನು ಅಂಟಿಸಿಕೊಂಡು ಅದೇ ಕ್ಲಬ್ಬಿನಲ್ಲಿ ಟವರ್ ನೋಡಿಕೊಳ್ಳುತ್ತಿದ್ದಳು, ಹೊಸಬರಿಗೆ ಪಾಠವನ್ನೂ ಹೇಳುತ್ತಿದ್ದಳು.

"ನಿಂಗ್ಯಾಕೆ ಚಿಕ್ಕಮ್ಮ ಈ ಉಸಾಬರಿ?"

"ಅವರು ಮಾತಾಡೋದಾದ್ರೆ ನನ್ನ ಹತ್ರ ಮಾತಾಡ್ಲಿ. ಆಪರೇಷನ್ನಿಗೆ ಮೊದಲು ಒಂದೇ ಒಂದು ಸಲ ನನ್ನನ್ನ ಆ ಟವರಲ್ಲಿ ಕೂರಿಸು. ಇನ್ನೇನೂ ಕೇಳಲ್ಲ."

ಪುಟ್ಟಿ ಮೂಗು ಒರೆಸಿಕೊಂಡು, "ಪರೀಕ್ಷೆ ಪಾಸಾಗ್ಬೇಕಾಗುತ್ತೆ. ಚಿಕ್ಕಮ್ಮ ಅಂತ ಬಿಟ್ಟುಬಿಡಲ್ಲ" ಎಂದಳು.

ಬಿಡಲೂ ಇಲ್ಲ. ಮೊದಲು ಯಾರನ್ನು ಕರೆಯುತ್ತೀಯೋ ಅವರ ಹೆಸರು ಹೇಳು, ಆಮೇಲೆ ವಿಷಯ. ಹೆಸರೆಂದರೆ ವಿಮಾನದ ಹೆಸರು. ಚಿಕ್ಕಪ್ಪನದು ಡೆಲ್ಟಾ ಕಿಲೋ. ಇಷ್ಟು ಕಾಲ ಗಂಡನನ್ನು "ರೀ" ಎಂದಷ್ಟೇ ಕರೆದವಳಿಗೆ ಡೆಲ್ಟಾ ಕಿಲೋ ಎನ್ನುವಾಗ ನಾಚಿಕೆಯಾಗಿ ನಗು ಬಂತು. ರನ್‌ವೇ ನಂಬರನ್ನು ಇಪ್ಪತ್ತೇಳು ಎನ್ನಬಾರದು, ಎರಡು ಏಳು ಎಂದು ಬಿಡಿಬಿಡಿಯಾಗಿ ಹೇಳಬೇಕು. ಮಾತಾಡುವಾಗ ಗುಂಡಿ ಒತ್ತಿ ಹಿಡಿ, ಮುಗಿದ ಮೇಲೆ ಬಿಡು. ಒತ್ತಿ ಹಿಡಿದಷ್ಟು ಹೊತ್ತು ಬೇರೆ ಯಾರಿಗೂ ಮಾತಾಡಲಾಗುವುದಿಲ್ಲ.

"ಇದೆಲ್ಲಕ್ಕಿಂತ ಮುಖ್ಯ ರೀಡ್‌ಬ್ಯಾಕ್" ಎಂದಳು ಪುಟ್ಟಿ. "ನೀನು ಹೇಳಿದ್ದನ್ನ ಪೈಲಟ್ ತಿರುಗಿ ಒಪ್ಪಿಸ್ಬೇಕು. ಪೂರ್ತಿ ಒಪ್ಪಿಸಿದ್ರೆ 'ರೀಡ್‌ಬ್ಯಾಕ್ ಸರಿ' ಅನ್ನು. ಒಂದು ಮಾತು ಬಿಟ್ರೂ ಮತ್ತೆ ಕೇಳು."

"ನಾನು ಹೇಳಿದ್ದನ್ನ ನಿಮ್ಮ ಚಿಕ್ಕಪ್ಪ ತಿರುಗಿ ಒಪ್ಪಿಸೋದಾ? ಇದನ್ನ ಮೊದಲೇ ಹೇಳಿದ್ರೆ ಯಾವತ್ತೋ ಕಲೀತಿದ್ನಲ್ಲೇ!"

ಆದರೆ ಆಕೆ ಎಡವಿದ್ದೂ ಅಲ್ಲೇ. ಅಭ್ಯಾಸಕ್ಕೆಂದು ಪುಟ್ಟಿ ಪೈಲಟ್ ಆಗಿ ಅರ್ಧ ಒಪ್ಪಿಸಿ ನಿಲ್ಲಿಸಿದರೆ, ಆಕೆ ಸಲೀಸಾಗಿ "ರೀಡ್‌ಬ್ಯಾಕ್ ಸರಿ" ಎಂದುಬಿಡುತ್ತಿದ್ದಳು.

"ಎಡಕ್ಕೆ ಅಂದೆ ಅಷ್ಟೇ. ಎತ್ತರ ಎಲ್ಲಿ ಹೇಳ್ದೆ ನಾನು?"

"ನಿಂಗೆ ಗೊತ್ತಾಯ್ತಲ್ಲ. ನಂಗೂ ಗೊತ್ತಾಯ್ತು."

ಪಾಪ, ಆಕೆಯದೇನು ತಪ್ಪು? ಮೇಷ್ಟ್ರು ಕಾರಿನಲ್ಲಿ ಎಷ್ಟು ಬಾಯಿಬಡಕರೋ ಮನೆಯಲ್ಲಿ ಅಷ್ಟೇ ಅರೆಮಾತಿನವರು. "ಅದು ಎಲ್ಲಿ..." ಎಂದರೆ ಕನ್ನಡಕ. "ನಾಳೆ ಸ್ವಲ್ಪ..." ಎಂದರೆ ಬೇಗ ಎಬ್ಬಿಸು. ಉಳಿದರ್ಧವನ್ನು ತುಂಬಿಸಿಕೊಂಡೇ ಆಕೆ ಸಂಸಾರ ಮಾಡಿದ್ದು. "ಮನೇಲಿ ನಡೆಯುತ್ತೆ ಚಿಕ್ಕಮ್ಮ, ಆಕಾಶದಲ್ಲಿ ನಡೆಯಲ್ಲ" ಎಂದು ಪುಟ್ಟಿ ಗದರಿದಳು. "ನಿಂಗೆ ಅರ್ಥ ಆಯ್ತು ಅಂತ ನೀನಿರ್ತೀಯ, ಅಷ್ಟರಲ್ಲಿ ಎರಡು ವಿಮಾನ ಗುದ್ದಿರುತ್ತೆ." ಕ್ಲಬ್ಬಿನ ಪರೀಕ್ಷೆಯಲ್ಲಿ ಆಕೆ ಮೊದಲ ಸಲ ಫೇಲಾದದ್ದು ಈ ಒಂದೇ ಕಾರಣಕ್ಕೆ. ಎರಡನೆಯ ಸಲ ಹಲ್ಲು ಕಚ್ಚಿಕೊಂಡು, ಪ್ರತಿ ಅರೆಮಾತಿಗೂ "ಮತ್ತೆ ಹೇಳಿ" ಎಂದು ಕೇಳಿ ಕೇಳಿ ಪಾಸಾದಳು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ. ಚೀಲ ತುಂಬಿ ಬಾಗಿಲ ಬಳಿ ಇಟ್ಟಾಗಿತ್ತು. ಹೆಂಡತಿಯೇ ಟವರಿನಲ್ಲಿ ಕೂರುತ್ತಾಳೆಂದು ಕೇಳಿ ಮೇಷ್ಟ್ರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. "ನೋಡೋಣ ನಿನ್ನ ದರ್ಬಾರು" ಎಂದು ಹಿಂದಿನ ಕೋಣೆಗೆ ಹೋದರು. ಅಲ್ಲೊಂದು ಬಾಗಿಲು, ಇಲ್ಲೊಂದು ಬಾಗಿಲು ಮುಚ್ಚಿಕೊಂಡವು. ಜೊತೆಗಿರಲೆಂದು ಪುಟ್ಟಿಯೂ ತನ್ನ ಮನೆಯಲ್ಲೇ ಕೂತು ಪರದೆಗೆ ಇನ್ನೊಂದು ವಿಮಾನ ತಂದಳು.

"ಟವರ್, ಡೆಲ್ಟಾ ಕಿಲೋ. ದಕ್ಷಿಣದಿಂದ ಬರ್ತಿದೀನಿ, ಇಳಿಯಬೇಕು."

ಗೋಡೆ ಇಲ್ಲದೆ, ನೇರ ಕಿವಿಯೊಳಗೆ. ಆಕೆ ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡಳು.

"ಡೆಲ್ಟಾ ಕಿಲೋ, ಸಾವಿರ ಅಡಿಗೆ ಇಳಿಯಿರಿ. ರನ್‌ವೇ ಎರಡು ಏಳು, ಎಡಸುತ್ತು."

"ಸಾವಿರ ಅಡಿಗೆ ಇಳೀತೀನಿ. ರನ್‌ವೇ ಎರಡು ಏಳು, ಎಡಸುತ್ತು, ಡೆಲ್ಟಾ ಕಿಲೋ."

"ರೀಡ್‌ಬ್ಯಾಕ್ ಸರಿ" ಎನ್ನುವಾಗ ಆಕೆಗೆ ಖುಷಿಯಾಯಿತು. ನಿಜಕ್ಕೂ ಖುಷಿಯಾಯಿತು. ಅವರು ಹತ್ತಿರ ಬಂದಾಗ ಪುಟ್ಟಿಯ ವಿಮಾನ ಇನ್ನೂ ರನ್‌ವೇ ಮೇಲಿತ್ತು. ಅಂಥ ಹೊತ್ತಿನಲ್ಲಿ ಹೇಳಬೇಕಾದ್ದನ್ನೇ ಆಕೆ ಹೇಳಿದಳು: "ಡೆಲ್ಟಾ ಕಿಲೋ, ಇಳಿಯಬೇಡಿ. ಮೇಲೇರಿ, ಇನ್ನೊಂದು ಸುತ್ತು." ಅವರು ಅದನ್ನೂ ಒಪ್ಪಿಸಿದರು.

ಎರಡನೆಯ ಸಲ ಬಂದಾಗ ರನ್‌ವೇ ಖಾಲಿ. ಪುಟ್ಟಿ ಯಾವಾಗಲೋ ಪಕ್ಕಕ್ಕೆ ಹೋಗಿ ನಿಂತಿದ್ದಳು. ಇಳಿಸಿದರೆ ಮುಗಿಯಿತು. ಮುಗಿದರೆ ಅವರು ಹೆಡ್‌ಫೋನ್ ತೆಗೆಯುತ್ತಾರೆ, ಊಟಕ್ಕೆ ಬರುತ್ತಾರೆ, "ಹೂಂ" ಎನ್ನುತ್ತಾರೆ, "ಬೇಡ" ಎನ್ನುತ್ತಾರೆ. ಆಕೆ ಗುಂಡಿ ಒತ್ತಿದಳು. "ಇಳಿಯಬೇಡಿ. ಮೇಲೇರಿ, ಇನ್ನೊಂದು ಸುತ್ತು."

ಮೂರನೆಯ ಸಲವೂ ಹಾಗೇ. ಆಮೇಲಂತೂ ಉತ್ತರ ಉದ್ದವಾಗಲೆಂದೇ ಎತ್ತರ, ದಿಕ್ಕು, ವೇಗ ಎಂದು ಬೇಕಾದ್ದು ಬೇಡವಾದ್ದನ್ನೆಲ್ಲ ಸೇರಿಸಿ ಹೇಳತೊಡಗಿದಳು. ಪುಟ್ಟಿ ಪರದೆಯ ಪಕ್ಕದಲ್ಲಿ ಕಾಣುವಂತೆ ಬರೆದು ಕಳಿಸಿದಳು: "ಚಿಕ್ಕಮ್ಮ, ರನ್‌ವೇ ಖಾಲಿ ಇದೆ." ಆಕೆ ನೋಡಿಯೂ ನೋಡದವಳಂತೆ ಇದ್ದಳು. ಮೇಷ್ಟ್ರು ಮಾತ್ರ ಯಾಕೆಂದು ಕೇಳಲಿಲ್ಲ. ಸಿಗ್ನಲ್ ಬಿಟ್ಟ ಮೇಲೆ ಮುಂದಿನವನು ಅರೆಕ್ಷಣ ತಡ ಮಾಡಿದರೂ ಹಾರ್ನ್ ಒತ್ತುತ್ತಿದ್ದ ಮನುಷ್ಯ, ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತ ಸುತ್ತಿದರು.

ಸುತ್ತು ಹೆಚ್ಚಿದಂತೆ ಆಕೆಗೆ ಒಂದು ವಿಷಯ ಹೊಳೆಯಿತು. ಬರುತ್ತಿದ್ದುದೆಲ್ಲ ತನ್ನದೇ ಮಾತು. ದನಿಯಷ್ಟೇ ಅವರದು. ಹೆದರಿಕೆಯಾಗುತ್ತಿದೆ ಎಂದಾಗಲಿ, ನೀನು ಹೇಗಿರ್ತೀಯ ಎಂದಾಗಲಿ, ಅವರದೇ ಆದ ಮಾತು ಒಂದೂ ಬಂದಿರಲಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಹೆಡ್‌ಫೋನಿನಲ್ಲೂ ಕೇಳಿಸಿತು, ಗೋಡೆಯಾಚೆಯಿಂದಲೂ ಕೇಳಿಸಿತು.

"ಟವರ್..." ದನಿ ಸೀಳಿತ್ತು. "ಪೆಟ್ರೋಲು ಇನ್ನೂ ಇದೆ. ಗಂಟಲು..."

ಉಳಿದರ್ಧವನ್ನು ಆಕೆ ಕೇಳಲಿಲ್ಲ.

"ಡೆಲ್ಟಾ ಕಿಲೋ, ರನ್‌ವೇ ಎರಡು ಏಳು, ಇಳಿಯಲು ಅನುಮತಿ" ಎಂದಳು. ಅಲ್ಲಿಗೆ ಗುಂಡಿ ಬಿಡಬೇಕಿತ್ತು. ಬಿಡಲಿಲ್ಲ. "ನನ್ನನ್ನ ಬಿಟ್ಟು ಹೋಗ್ಬೇಡಿ."

"ರನ್‌ವೇ ಎರಡು ಏಳು, ಇಳಿಯಲು ಅನುಮತಿ, ಡೆಲ್ಟಾ ಕಿಲೋ."

ಅಷ್ಟೇ. ಆಕೆ ಕಾದಳು. ಮತ್ತೆ ಗುಂಡಿ ಒತ್ತಿದ ಸದ್ದಾಯಿತು. ಅವರ ಉಸಿರು ಕೇಳಿಸಿತು, ಒಂದಷ್ಟು ಹೊತ್ತು ಕೇಳಿಸಿತು, ಮಾತು ಬರಲಿಲ್ಲ. ಗುಂಡಿ ಬಿಟ್ಟರು.

ಒಂದು ಮಾತು ಬಿಟ್ಟಿದ್ದಾರೆ, ಮತ್ತೆ ಕೇಳಬೇಕು. ಕೇಳಿದರೆ ಅವರು ಹೇಳಿಯೇ ಹೇಳುತ್ತಾರೆ, ಒಂದೋ ಸುಳ್ಳು, ಇಲ್ಲವೇ ನಿಜ. ಎರಡರಲ್ಲಿ ಯಾವುದನ್ನು ತಾನು ತಡೆದುಕೊಳ್ಳಬಲ್ಲೆ ಎಂದು ಆಕೆಗೆ ತಿಳಿಯಲಿಲ್ಲ. ಪುಟ್ಟಿಗೆ ಎಲ್ಲ ಕೇಳಿಸಿತ್ತು. ಪರದೆಯ ಮೇಲೆ ವಿಮಾನ ರನ್‌ವೇಗೆ ನೇರವಾಗಿ, ಒಂದಿಷ್ಟೂ ಅಲುಗದೆ ಇಳಿಯುತ್ತಿತ್ತು.

ಆಕೆ ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದಳು.

"ಡೆಲ್ಟಾ ಕಿಲೋ, ರೀಡ್‌ಬ್ಯಾಕ್ ಸರಿ."