ಮೂರನೆಯ ತಿರುಪು

ಡೀಟ್ಸೆಲ್ ಮನೆಯಲ್ಲಿ ಕಿಟಕಿಗೆ ಪರದೆ ಹೊಲಿಯುವ ಪದ್ಧತಿಯೇ ಇರಲಿಲ್ಲ. ಹೊಲಿದರೂ ಮುಂದಿನ ಊರಿನ ಕಿಟಕಿಗೆ ಅದರ ಅಳತೆ ಕೂಡಬೇಕಲ್ಲ. ಮಗಳು ಒಟೀಲಿಗೆ ಇಪ್ಪತ್ತೆಂಟು ವರ್ಷ. ಅಷ್ಟರೊಳಗೆ ಐದು ಊರು, ಏಳು ಮನೆ. ಹುಟ್ಟಿದ್ದು ಅಮೆರಿಕದ ಲ್ಯಾಂಕಾಸ್ಟರಿನಲ್ಲಿ. ಅಕ್ಷರ ಕಲಿತದ್ದು ಜೇನ್ಸ್‌ವಿಲ್‌ನಲ್ಲಿ, ಅವ್ವನನ್ನು ಮಣ್ಣು ಮಾಡಿದ್ದೂ ಅಲ್ಲೇ. ಸಿನ್ಸಿನಾಟಿಗೆ ಬಂದಾಗ ತಮ್ಮ ಕುನೊ, ಇನ್ನು ನಾನು ಗಾಡಿ ಹತ್ತುವವನಲ್ಲ ಎಂದು ಅಂಗಿಗುಂಡಿ ಮಾಡುವ ಕಾರ್ಖಾನೆ ಸೇರಿ ಅಲ್ಲೇ ಬೇರು ಬಿಟ್ಟ. ಆಮೇಲೆ ಅಪ್ಪ ಮಗಳು ಇಬ್ಬರೇ ಸೇಂಟ್ ಲೂಯಿಸಿಗೆ, ಅಲ್ಲಿಂದ ಮಿಸೌರಿ ಹೊಳೆಯ ದಂಡೆಯ ಈ ನೊಯ್‌ಟಾಲಿಗೆ.

ಪ್ರತಿ ಸಲ ಹೊರಡುವುದಕ್ಕೂ ಕೋವಿ ಮಾಡುವ ಅಪ್ಪನ ಹತ್ತಿರ ಒಂದು ಕಾರಣ ಸಿದ್ಧವಿರುತ್ತಿತ್ತು. ಲ್ಯಾಂಕಾಸ್ಟರಿನ ನೀರು ಉಕ್ಕಿಗೆ ಹದ ಕೊಡುವುದಿಲ್ಲ. ಜೇನ್ಸ್‌ವಿಲ್‌ನ ಆಕ್ರೋಟು ಮರ ಮೆತ್ತಗೆ, ಕೋವಿಯ ಹಿಡಿಗೆ ಬರುವುದಿಲ್ಲ. ಸಿನ್ಸಿನಾಟಿಯಲ್ಲಿ ಹಂದಿ ಕೊಯ್ಯುವ ವಾಸನೆ ಎಣ್ಣೆಗೂ ಹತ್ತುತ್ತದೆ. ಸೇಂಟ್ ಲೂಯಿಸಿನಲ್ಲಿ ಮನುಷ್ಯರಿಗಿಂತ ಕೋವಿ ಮಾಡುವವರೇ ಹೆಚ್ಚು. ನೊಯ್‌ಟಾಲಿಗೆ ಏನು ಕಾರಣ ಹುಡುಕುತ್ತಾನೋ ಎಂದು ಒಟೀಲಿ ನಾಲ್ಕು ವರ್ಷ ಕಾದಿದ್ದಳು. ನಾಲ್ಕು ವರ್ಷ ಒಂದೇ ಸೂರು ಎಂದರೆ ಅವರ ವಂಶದಲ್ಲೇ ದಾಖಲೆ. ಅವಳಿಗೆ ಆಸೆ ಹುಟ್ಟಿಬಿಟ್ಟಿತ್ತು. ಮೊಳೆ ಹೊಡೆದು ಗೋಡೆಗೆ ಕನ್ನಡಿ ತೂಗುಹಾಕಿದಳು, ಹಿತ್ತಲಲ್ಲಿ ಪ್ಲಮ್ ಗಿಡ ನೆಟ್ಟಳು, ಚರ್ಚಿನ ಹಾಡಿನ ಗುಂಪಿನಲ್ಲಿ ಎರಡನೆಯ ಸಾಲಿಗೆ ಸೇರಿದಳು. ಈ ಊರಿನಲ್ಲಿ ತಾನು ಮುದುಕಿಯಾಗಬೇಕು ಎನ್ನುವುದೇ ಅವಳಿಗಿದ್ದ ಒಂದು ಬಯಕೆ. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ, ಬಿದ್ದರೆ ಅವನ ಕಾಲು ತುರಿಸುತ್ತದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಗಿರಣಿಯ ಕ್ನಾಪ್‌ಸ್ಟೈನ್ ದ್ರಾಕ್ಷಿ ಹಾಕಿದ ಕೇಕು ಹಿಡಿದು ಬಂದರು. ಊರಿನ ಗುರಿಕಾರರ ಸಂಘಕ್ಕೆ ಅವರೇ ಅಧ್ಯಕ್ಷರು. ಈ ವರ್ಷದ ಗುರಿ ಪಂದ್ಯಕ್ಕೆ ಬಹುಮಾನದ ಕೋವಿಯನ್ನು ಒಟೀಲಿಯ ಅಪ್ಪ ಲೇಬೆರೆಕ್ಟನೇ ಮಾಡುತ್ತಿದ್ದಾನಲ್ಲ, ಹಾಗೇ ಸಂಘದ ಹಲಗೆಯ ಮೇಲೆ ಅವನ ಹೆಸರನ್ನೂ ಬರೆಸೋಣ ಅಂತ ತೀರ್ಮಾನವಾಗಿದೆ ಎಂದರು. ಹೇಗೆ ಬರೆಸುತ್ತೀರಿ ಎಂದು ಅಪ್ಪ ಕೇಳಿದ. 'ಕೋವಿ ಮೇಸ್ತ್ರಿ ಲೇಬೆರೆಕ್ಟ್ ಡೀಟ್ಸೆಲ್' ಅಂತ, ಬಂಗಾರದ ಬಣ್ಣದಲ್ಲಿ ಎಂದರು ಅವರು. ಅಪ್ಪ ಒಂದು ತುಂಡು ಕೇಕು ತಿಂದ, ಅವರನ್ನು ಬಾಗಿಲವರೆಗೆ ಬಿಟ್ಟು ಬಂದ, ಬಂದವನೇ ಅಟ್ಟ ಹತ್ತಿ ಪೆಟ್ಟಿಗೆಗಳನ್ನು ಕೆಳಗೆ ಎಳೆಯತೊಡಗಿದ.

"ಡೆನ್ವರಿನ ಗಾಳೀಲಿ ತೇವ ಇಲ್ವಂತೆ ಒಟೀಲಿ. ಕಬ್ಬಿಣಕ್ಕೆ ತುಕ್ಕು ಅನ್ನೋದೇ ಗೊತ್ತಿಲ್ಲವಂತೆ."

ಸೆಪ್ಟೆಂಬರ್ ಕೊನೆಗೆ, ಸಂತ ಮಿಖಾಯೇಲನ ಹಬ್ಬ ಕಳೆದ ಮಾರನೆಯ ದಿನಕ್ಕೆ ಪಯಣ ನಿಗದಿಯಾಯಿತು. ಪಂದ್ಯದ ಕೋವಿ ಒಂದು ಮುಗಿಸಿ ಕೊಟ್ಟರೆ ಸಾಕು. ಅಲ್ಲಿಂದ ಮುಂದೆ ಮನೆಯಲ್ಲಿ ಯಾವ ವಸ್ತುವೂ ನಿಂತ ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ಬಾಣಲೆ ಪೆಟ್ಟಿಗೆಯೊಳಗೆ, ಮಧ್ಯಾಹ್ನ ಅಡುಗೆಗೆ ಬೇಕೆಂದು ಮತ್ತೆ ಹೊರಗೆ. ಅಪ್ಪ ಅರ ಹಿಡಿದು ಹತ್ತು ಸಲ ಎಳೆಯುವುದು, ಎದ್ದು ರಸ್ತೆ ನೋಡುವುದು, ಮತ್ತೆ ಕೂರುವುದು. ಹೊಳೆಯಲ್ಲಿ ಹಡಗು ಸಿಳ್ಳೆ ಹಾಕಿದರೆ ಇಬ್ಬರೂ ಬೆಚ್ಚುತ್ತಿದ್ದರು, ಅವನು ಆಸೆಯಿಂದ, ಅವಳು ಭಯದಿಂದ.

ಇಂಥ ಗಡಿಬಿಡಿಯ ನಡುವೆ ಬಾಲ್ಟಜಾರ್ ಅಜ್ಜ ಬಂದಿಳಿದ. ಊರಿನ ಬಡಗಿ ಅವನ ಅಣ್ಣನ ಮಗ, ಅವನ ಮನೆಯಲ್ಲಿ ಕೊನೆಗಾಲ ಕಳೆಯಲು ಜರ್ಮನಿಯ ತುರಿಂಗಿಯಾ ಕಾಡಿನ ಎರ್ಲಾಬಾಖಿನಿಂದ ಸಮುದ್ರ ದಾಟಿ ಬಂದವನು. ಅಪ್ಪನ ಊರೂ ಅದೇ, ಇಬ್ಬರ ಕಸುಬೂ ಕೋವಿ ಮಾಡುವುದೇ. ಎಪ್ಪತ್ತರ ಮುದುಕ, ಕೈಯಲ್ಲಿ ಕೋಲು, ಬಾಯಲ್ಲಿ ಪೈಪು. ನೇರ ಕಾರ್ಯಾಗಾರಕ್ಕೆ ಬಂದು ಬಾಗಿಲಲ್ಲಿ ನಿಂತ. ಅಪ್ಪ ತಲೆಯೆತ್ತಿ ನೋಡಿದ, ಎದ್ದು ನಿಂತ, ಟೋಪಿ ತೆಗೆದ. ಐವತ್ತೆಂಟು ವರ್ಷದ ಮನುಷ್ಯ ಶಾಲೆಯ ಮಗುವಿನ ಹಾಗೆ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದನ್ನು ಒಟೀಲಿ ಅದೇ ಮೊದಲು ಕಂಡದ್ದು.

"ಲೋ ಲೇಬು, ಕೂತ್ಕೊಳೋ. ನಾನೇನು ಡ್ಯೂಕಾ?" ಅಂದ ಮುದುಕ. "ನೀನು ಓಡಿಹೋದೆ ನೋಡು, ಆ ಕುನಿಗುಂಡೆ ನನಗೆ ಗಂಟುಬಿದ್ಲು."

ಹಾಗೆ ಆ ದಿನ ಡೀಟ್ಸೆಲ್ ವಂಶದ ಚರಿತ್ರೆ ತಲೆಕೆಳಗಾಯಿತು. ಒಟೀಲಿ ಹುಟ್ಟಿದಾಗಿನಿಂದ ಕೇಳಿದ್ದೆಂದರೆ, ಸಾವಿರದ ಎಂಟುನೂರ ನಲವತ್ತೆಂಟರ ದಂಗೆಯಲ್ಲಿ ಅಪ್ಪ ಬೀದಿಗೆ ಅಡ್ಡಗಟ್ಟೆ ಹಾಕಿ ರಾಜನ ಸೈನ್ಯದ ಎದುರು ನಿಂತವನು, ತಲೆ ಉಳಿಸಿಕೊಳ್ಳಲು ಅಮೆರಿಕಕ್ಕೆ ಬಂದವನು. ಎದುರು ನಿಂತದ್ದು ಸೈನ್ಯವಲ್ಲ, ಒಬ್ಬ ವಿಧವೆ. ಎರ್ಲಾಬಾಖಿನ ಕೋವಿಗಾರರ ಸಂಘದಲ್ಲಿ ಹನ್ನೆರಡೇ ಮೇಸ್ತ್ರಿಗಳು. ಹದಿಮೂರನೆಯವನಿಗೆ ಜಾಗವಿಲ್ಲ. ಕೆಲಸ ಎಷ್ಟೇ ಬರಲಿ, ಒಬ್ಬ ಮೇಸ್ತ್ರಿ ಸಾಯಬೇಕು, ಅವನ ವಿಧವೆಯನ್ನು ಕೆಲಸದಾಳು ಮದುವೆಯಾಗಬೇಕು, ಆಮೇಲೆ ಪರೀಕ್ಷೆಯ ಕೋವಿ ಮಾಡಿ ಮೂವರು ಮೇಸ್ತ್ರಿಗಳ ಮುಂದೆ ಇಡಬೇಕು. ಲೇಬೆರೆಕ್ಟನ ಸರದಿಗೆ ಬಂದದ್ದು ಅವನಿಗಿಂತ ಹದಿನಾರು ವರ್ಷ ದೊಡ್ಡವಳಾದ ಕುನಿಗುಂಡೆ. ಅವನು ಪರೀಕ್ಷೆಯ ಕೋವಿಯನ್ನು ಅರ್ಧಕ್ಕೇ ಬಿಟ್ಟು ಓಡಿದ. ಆ ವಿಧವೆಯೂ ಮೇಸ್ತ್ರಿಯ ಜಾಗವೂ ಬಾಲ್ಟಜಾರ್‌ನ ಪಾಲಿಗೆ ಬಂದವು.

"ಇಪ್ಪತ್ತೆರಡು ವರ್ಷ ಬಾಳಿದೆ ಕಣೋ," ಎಂದ ಬಾಲ್ಟಜಾರ್. "ಒಳ್ಳೇ ಹೆಂಗಸು. ಅವಳ ಕೈಯ ಆಲೂಗಡ್ಡೆ ಕಡುಬು ಒಂದು ಸಲ ತಿಂದಿದ್ರೆ ನೀನು ಊರಿನ ಗಡೀನೂ ದಾಟ್ತಿರಲಿಲ್ಲ."

ಒಟೀಲಿಗೆ ನಗು ಬಂತು, ಆದರೆ ಅಪ್ಪನ ಮುಖ ನೋಡಿ ನುಂಗಿಕೊಂಡಳು. ಜೇನ್ಸ್‌ವಿಲ್‌ನ ಪಾದ್ರಿ ಪೀಠದಿಂದಲೇ ಅಪ್ಪನನ್ನು ಮೇಸ್ತ್ರಿ ಎಂದದ್ದು, ಸೇಂಟ್ ಲೂಯಿಸಿನ ಪತ್ರಿಕೆ ಹಾಗೆ ಅಚ್ಚುಹಾಕಿದ್ದು, ಎರಡು ಸಲವೂ ಹದಿನೈದು ದಿನದೊಳಗೆ ಗಾಡಿ ಕಟ್ಟಿದ್ದು, ಎಲ್ಲ ಅವಳ ಕಣ್ಣೆದುರು ಸಾಲಾಗಿ ನಿಂತವು. ನೀರೂ ಅಲ್ಲ, ಮರವೂ ಅಲ್ಲ. ಮೇಸ್ತ್ರಿಯಲ್ಲದವನು ಮೇಸ್ತ್ರಿ ಅನ್ನಿಸಿಕೊಂಡು ಕೂತಿದ್ದಾನೆ, ಯಾರಾದರೂ ಆ ಊರಿನವರು ಬಂದು ಬೆರಳು ತೋರಿಸಿಬಿಡುತ್ತಾರೆ ಎಂದು ಈ ಮನುಷ್ಯ ಮೂವತ್ತು ವರ್ಷ ಓಡಿದ್ದಾನೆ. ಅವನ ಹಿಂದೆ ನಾವೆಲ್ಲ ಓಡಿದ್ದೇವೆ.

ಆದರೆ ಬೆರಳು ತೋರಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ. ಆ ಸೀಮೆಯ ದೊರೆ ಡ್ಯೂಕ್ ಹೊಸ ಕಾನೂನು ತಂದು ಸಂಘಗಳನ್ನೆಲ್ಲ ಮುಚ್ಚಿಸಿ ಹದಿನೈದು ವರ್ಷವಾಯಿತು ಎಂದ ಅಜ್ಜ. ಈಗ ಯಾರು ಬೇಕಾದರೂ ಬೋರ್ಡು ಹಾಕಬಹುದು. ಸಂಘದ ಮೂರು ಬೀಗದ ಪೆಟ್ಟಿಗೆಯನ್ನು ಹರಾಜಿನಲ್ಲಿ ತಾನೇ ತಂದನಂತೆ, ಸೊಸೆ ಅದರಲ್ಲಿ ಈರುಳ್ಳಿ ಇಡುತ್ತಾಳಂತೆ.

ಅಪ್ಪ ಟೋಪಿ ಹಾಕಿಕೊಂಡ, ಮತ್ತೆ ತೆಗೆದ. "ಸಂಘ ಹೋದ್ರೆ ನಿಯಮ ಹೋಗುತ್ತಾ ಮೇಸ್ತ್ರಿಗಳೇ? ನೀವಂತೂ ಇದ್ದೀರಲ್ಲ. ನನ್ನ ಪರೀಕ್ಷೆ ಮಾಡಿ."

"ಮೂವರು ಬೇಕಲ್ಲೋ."

"ಉಳಿದಿಬ್ಬರು?"

"ಸತ್ರು. ಅವರ ಪಾಲಿಂದೂ ನಾನೇ ನೋಡ್ತೀನಿ ಬಿಡು. ಬದುಕಿದ್ದಾಗ್ಲೂ ನಾನು ಹೇಳಿದ್ದಕ್ಕೇ ತಲೆ ಆಡಿಸ್ತಿದ್ರು."

ಪಂದ್ಯದ ಕೋವಿಯೇ ಪರೀಕ್ಷೆಯ ಕೋವಿ ಎಂದಾಯಿತು. ಸೋಮವಾರ ಪರೀಕ್ಷೆ, ಬುಧವಾರ ಪಯಣ. ಅಪ್ಪನ ಹುಮ್ಮಸ್ಸಿಗೆ ಎಣೆಯಿರಲಿಲ್ಲ. ಗೆದ್ದರೆ ಡೆನ್ವರಿನಲ್ಲಿ ಮೊದಲ ದಿನವೇ ಮೇಸ್ತ್ರಿ ಎಂದು ಬೋರ್ಡು ಬರೆಸುತ್ತೇನೆ, ಅಲ್ಲಿಂದ ಬೇಕಿದ್ದರೆ ಕ್ಯಾಲಿಫೋರ್ನಿಯಾ ಎಂದು ಓಡಾಡುತ್ತ ಮಾತಾಡಿದ. ಭಯ ಹೋದರೆ ನಿಲ್ಲುತ್ತಾನೆಂದು ಒಟೀಲಿ ಎಣಿಸಿದ್ದಳು. ಮೂವತ್ತು ವರ್ಷ ಓಡಿದ ಕಾಲಿಗೆ ಭಯದ ನೆನಪೂ ಬೇಕಾಗಿರಲಿಲ್ಲ.

ಶುಕ್ರವಾರ ಅಜ್ಜನನ್ನು ಊಟಕ್ಕೆ ಕರೆದಿದ್ದಳು. ಕಡುಬು, ಹುಳಿ ಹಾಕಿ ಬೇಯಿಸಿದ ಎತ್ತಿನ ಮಾಂಸ, ಕೆಂಪು ಎಲೆಕೋಸು. ಅಪ್ಪ ಗಾಡಿಗೆಂದು ತಂದಿದ್ದ ಹೇಸರಗತ್ತೆಯ ಲಾಳ ನೋಡಲು ಊಟದ ಮಧ್ಯೆಯೇ ಎದ್ದು ಹೋದ. ಪರೀಕ್ಷೆಯಲ್ಲಿ ಸೋತರೆ ಏನಾಗುತ್ತಿತ್ತು ಅಜ್ಜ ಎಂದು ಅವಳು ಸುಮ್ಮನೆ ಕೇಳಿದಳು.

"ಸೋತವನು ಒಂದು ವರ್ಷ ಒಂದು ದಿನ ಊರು ಬಿಡೋ ಹಾಗಿಲ್ಲ ತಾಯಿ. ಮೇಸ್ತ್ರಿ ಕಣ್ಣೆದುರೇ ಕೆಲಸ ಮಾಡ್ಬೇಕು. ಆಮೇಲೆ ಮತ್ತೆ ಪರೀಕ್ಷೆ." ಮುದುಕ ಬಟ್ಟಲು ಮುಂದೆ ತಳ್ಳಿದ. "ಇನ್ನೊಂದು ಕಡುಬು ಹಾಕು. ಕುನಿಗುಂಡೆದಕ್ಕೆ ಸಮ ಇಲ್ಲ, ಆದ್ರೂ ಹಾಕು."

ಶನಿವಾರ ಮಧ್ಯಾಹ್ನ ಕೋವಿಗೆ ಉಳಿದದ್ದು ಮದ್ದು ಸಿಡಿಸುವ ಬೀಗದ ಪಕ್ಕದ ನಾಲ್ಕು ತಿರುಪು ಮೊಳೆ ಮಾತ್ರ. ಆರು ವರ್ಷದಿಂದ ತಿರುಪು ಕೂರಿಸುವುದು ಒಟೀಲಿಯೇ. ಅಪ್ಪನ ಕಣ್ಣಿಗೆ ಸಣ್ಣದು ಕಾಣುತ್ತಿರಲಿಲ್ಲ, ಈ ಗುಟ್ಟು ಮನೆಯ ಹೊರಗೆ ಯಾರಿಗೂ ತಿಳಿಯದು. ಎರ್ಲಾಬಾಖಿನ ಕೋವಿಯ ಗುರುತೇ ಅದು. ತಿರುಪು ಪೂರ್ತಿ ಬಿಗಿಯಾದಾಗ ತಲೆಯ ಮೇಲಿನ ಗೀರು ನಳಿಗೆಯ ಜೊತೆ ನೇರ ಸಾಲಿಗೆ ಬಂದು ನಿಲ್ಲಬೇಕು, ನಾಲ್ಕೂ ಗೀರು ಒಂದೇ ಕಡೆ ಮುಖ ಮಾಡಿರಬೇಕು. ಅದಕ್ಕಾಗಿ ತಲೆಯ ಅಡಿಯನ್ನು ಅರದಲ್ಲಿ ಒಂದೊಂದೇ ಎಳೆತ ತೆಗೆಯುತ್ತ, ಹಾಕಿ ನೋಡುತ್ತ, ಮತ್ತೆ ತೆಗೆಯುತ್ತ ಹೋಗಬೇಕು. ಒಂದು ಎಳೆತ ಹೆಚ್ಚಾದರೆ ಗೀರು ಸಾಲು ದಾಟಿ ಹೋಗುತ್ತದೆ. ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ.

ಅಪ್ಪ ಗಾಡಿಯ ಕೀಲಿಗೆ ಕೊಬ್ಬು ಸವರಲು ಹೊರಗಿದ್ದ. ಒಟೀಲಿ ಮೊದಲೆರಡು ತಿರುಪು ಕೂರಿಸಿದಳು, ನಾಲ್ಕನೆಯದನ್ನೂ ಕೂರಿಸಿದಳು. ಮೂರನೆಯದು ಸಾಲಿಗೆ ಸರಿಯಾಗಿ ಬಂದು ನಿಂತಿತ್ತು. ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಹುಟ್ಟಿದಾಗಿನಿಂದ ಬೇಕೆಂದು ಕೆಡಿಸಿದ ಕೆಲಸ ಒಂದೂ ಇರಲಿಲ್ಲ. ಎದ್ದು ಕಿಟಕಿಯ ತನಕ ಹೋದಳು, ಬಂದಳು. ಹೊರಗೆ ಅಪ್ಪ ದಾರಿ ನಡೆಯುವವರ ಯಾವುದೋ ಹಾಡು ಗುನುಗುತ್ತಿದ್ದ. ಅರ ಎತ್ತಿಕೊಂಡು ತಲೆಯ ಅಡಿಗೆ ಎರಡು ಸಲ ಎಳೆದಳು. ತಿರುಗಿಸಿ ಬಿಗಿ ಮಾಡಿದಳು. ಗೀರು ಸಾಲು ದಾಟಿ ಒಂದು ಕೂದಲೆಳೆಯಷ್ಟು ಆಚೆ ನಿಂತಿತು.

ಭಾನುವಾರ ಚರ್ಚಿನಲ್ಲಿ ಒಟೀಲಿ ಹಾಡಿನ ಗುಂಪಿನ ಎರಡನೆಯ ಸಾಲು ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತಳು.

ಸೋಮವಾರ ಕಾರ್ಯಾಗಾರದ ಮುಂದಿನ ಓಕ್ ಮರದಡಿ ಅಜ್ಜ ಕುರ್ಚಿ ಹಾಕಿಸಿಕೊಂಡ, ಎರಡೂ ಪಕ್ಕಕ್ಕೆ ಖಾಲಿ ಕುರ್ಚಿಗಳು, ಸತ್ತವರಿಗೆ. ಕೋವಿಯನ್ನು ದಿಮ್ಮಿಗೆ ಬಿಗಿದು, ಮದ್ದು ಎರಡು ಪಾಲು ತುಂಬಿ, ದೂರದಿಂದ ಹಗ್ಗ ಎಳೆದರು. ಊರೆಲ್ಲ ನಾಯಿ ಬೊಗಳಿದವು. ನಳಿಗೆ ಜಗ್ಗಲಿಲ್ಲ. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗಿನ ಸುರುಳಿ ಗೆರೆಗಳನ್ನು ನೋಡಿದ, ಬೀಗವನ್ನು ಕಿವಿಗೆ ಹಿಡಿದು ಟಿಕ್ಕೆನ್ನಿಸಿ ಕೇಳಿದ, ಹಿಡಿಯ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದ. ಅಪ್ಪ ಮರದ ಸುತ್ತ ತಿರುಗುತ್ತಲೇ ಇದ್ದ. ಕೊನೆಗೆ ಅಜ್ಜನ ಹೆಬ್ಬೆರಳು ತಿರುಪುಗಳ ಮೇಲೆ ಬಂತು. ಒಂದು, ಎರಡು. ಮೂರರಲ್ಲಿ ನಿಂತಿತು.

"ಇದನ್ನ ಕೂರಿಸಿದ್ದು ಯಾರು?"

ಹೇಳಿಬಿಡಬೇಕು ಎಂದು ಒಟೀಲಿ ಒಂದು ಹೆಜ್ಜೆ ಮುಂದಿಟ್ಟಳು. ಅಪ್ಪ ಬಂದು ಕೋವಿಯ ಮೇಲೆ ಬಾಗಿದ. ಅವನ ಕಣ್ಣಿಗೆ ಕಾಣುವುದು ಸಾಧ್ಯವಿಲ್ಲ. ಉಗುರಿನಿಂದ ಗೀರನ್ನು ಮುಟ್ಟಿ ನೋಡಿದ, ಪಕ್ಕದ ಗೀರನ್ನೂ ಮುಟ್ಟಿದ. ತಿರುಗಿ ಮಗಳ ಕಡೆ ನೋಡಿದ. ಬೈಗುಳ ಬರುತ್ತದೆಂದು ಅವಳು ಕಾದಳು.

"ನಾನು," ಎಂದ ಅಪ್ಪ. "ಕೈ ತಪ್ಪಿತು ಮೇಸ್ತ್ರಿಗಳೇ."

ಅಜ್ಜ ಪೈಪನ್ನು ಬಾಯಿಂದ ತೆಗೆದು ಅಪ್ಪನನ್ನು, ಆಮೇಲೆ ಒಟೀಲಿಯನ್ನು ನೋಡಿದ. ಎಡಗಡೆಯ ಖಾಲಿ ಕುರ್ಚಿಗೆ ಒಮ್ಮೆ, ಬಲಗಡೆಯದಕ್ಕೆ ಒಮ್ಮೆ ಬಾಗಿ ವಿಚಾರಿಸಿದ. "ಮೂವರದ್ದೂ ಒಂದೇ ಮಾತು," ಎಂದ. "ಒಂದು ವರ್ಷ, ಒಂದು ದಿನ."

ಅಪ್ಪ ತಲೆಯಾಡಿಸಿದ. ಎಣಿಕೆ ಇವತ್ತಿನಿಂದಲೋ ನಾಳೆಯಿಂದಲೋ ಎಂದು ಮಾತ್ರ ಕೇಳಿದ. ಮಧ್ಯಾಹ್ನ ತಾನೇ ಗಾಡಿಯಿಂದ ಪೆಟ್ಟಿಗೆಗಳನ್ನು ಇಳಿಸತೊಡಗಿದ. ಒಟೀಲಿ ಹತ್ತಿರ ಹೋಗಿ, ಅಪ್ಪಾ ಆ ತಿರುಪು, ಎಂದು ಶುರುಮಾಡಿದಳು.

"ಆ ಕಡೆ ಹಿಡಿ," ಎಂದ ಅವನು. "ಬಾಣಲೆ ಇದರಲ್ಲೇ ಇದೆ. ನನಗೂ ಹಸಿವಾಗಿದೆ."

ಗಾಡಿ ಖಾಲಿಯಾಯಿತು. ಹೇಸರಗತ್ತೆ ಕೊಟ್ಟವನ ಬಳಿಗೇ ಹೋಯಿತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮಂಗಳವಾರ ಬೆಳಿಗ್ಗೆ ಹೊಳೆಯ ಕಡೆಯಿಂದ ಹಡಗಿನ ಸಿಳ್ಳೆ ಕೇಳಿತು. ಅಪ್ಪ ಕೂತಲ್ಲಿಂದ ಎದ್ದ. ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಮೂಲೆಯಲ್ಲಿ ಕೂತು ಪೈಪು ಸೇದುತ್ತಿದ್ದ ಅಜ್ಜನನ್ನು ಕೇಳಿದ: ಊರು ಬಿಡಬಾರದು ಸರಿ, ಹೊಳೆಯ ತನಕ ಹೋಗಿ ಬರಬಹುದೋ? ನಿಯಮ ಏನಿದೆ?

ಮುದುಕ ಪೈಪಿನ ಬೂದಿ ಕೊಡವಿದ. ಅಂಥ ನಿಯಮ ಒಂದು ಇತ್ತೋ, ಅಲ್ಲೇ ಹುಟ್ಟಿಸಿದನೋ ದೇವರೇ ಬಲ್ಲ. "ಕಾರ್ಯಾಗಾರದ ಸುತ್ತಿಗೆ ಸದ್ದು ಕಿವಿಗೆ ಬೀಳೋಷ್ಟು ದೂರ ಹೋಗಬಹುದು," ಎಂದ. "ಸದ್ದು ನಿಂತ ಕಡೆ ತಿರುಗಬೇಕು."

ಅಪ್ಪ ಟೋಪಿ ಹಾಕಿಕೊಂಡು ಹೊರಟುಬಿಟ್ಟ. ಒಟೀಲಿ ಸಣ್ಣ ಸುತ್ತಿಗೆ ತೆಗೆದುಕೊಂಡು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಡಿದಳು. ಇಲ್ಲಿಂದ ಹೊಳೆಗೆ ಒಳ್ಳೇ ದೂರ, ನಡುವೆ ಗಿರಣಿಯ ಗದ್ದಲ ಬೇರೆ. ಅವಳು ಸಣ್ಣದನ್ನು ಬಿಟ್ಟು ದೊಡ್ಡ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕಬ್ಬಿಣ ಏನೂ ಇಡದೆ, ಬರಿಯ ಅಡಿಗಲ್ಲಿನ ಮೇಲೆ, ಭುಜ ಸೋಲುವ ತನಕ, ಸೋತ ಮೇಲೂ, ಅವನು ಹೊಳೆ ಮುಟ್ಟಿರಬಹುದು ಎನ್ನಿಸುವ ತನಕ ಬಡಿಯುತ್ತಲೇ ಇದ್ದಳು.