ತಲೆಬಟ್ಟೆಯೊಳಗಿನ ಮರಿ

"ಕಾಲು ಅಗಲ ಮಾಡೇ. ಇನ್ನೂ ಸ್ವಲ್ಪ. ಏನು, ಗಂಡ ಹೇಳಿದ್ರೆ ಮಾತ್ರ ಮಾಡ್ತೀಯಾ?"

ಕೋಳಿ ಫಾರಂನ ಗೇಟಿನಲ್ಲಿ ಸೂಪರ್‌ವೈಸರ್ ಕೋಲು ಹಿಡಿದು ನಿಂತಿದ್ದ. ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಅವನ ಮುಂದೆ ಹಾದು ಹೋಗಬೇಕು. ಮೊಟ್ಟೆ ಕದ್ದಿದ್ದಾರೋ ಎಂದು ಸೊಂಟ ತಿವಿಯುತ್ತಿದ್ದ, ಮಡಿಲು ತಿವಿಯುತ್ತಿದ್ದ, ಮನಸ್ಸಾದರೆ ಇನ್ನೂ ಎರಡು ಕಡೆ ತಿವಿಯುತ್ತಿದ್ದ. ಊಟದ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ, "ಥೂ, ಇದನ್ನ ತಿಂತೀರಾ ನೀವು" ಎನ್ನುತ್ತಿದ್ದ. ಇವನ ಊಟವೇನು ಸ್ವರ್ಗದಿಂದ ಇಳಿದು ಬರುತ್ತಿರಲಿಲ್ಲ. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ್ದ ಅದೇ ಲೈನುಮನೆಗಳ ಕೊನೆಯ ಮನೆಯಲ್ಲಿ ಅವನ ಹೆಂಡತಿಯೂ ಅದನ್ನೇ ಬೇಯಿಸುತ್ತಿದ್ದಳು.

ಕಡ್ಡಿಯ ಸರದಿ ಬಂತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಮೈಮೇಲೆ ಮಾಂಸವೆಂಬುದು ಇಲ್ಲದ್ದಕ್ಕೆ ಫಾರಂನವರು ಕಡ್ಡಿ ಎಂದು ಕರೆದರು, ಅದೇ ಉಳಿದುಬಿಟ್ಟಿತು.

"ನಿನ್ನ ಮೈಯಲ್ಲಿ ಬಚ್ಚಿಡೋಕೆ ಜಾಗ ಎಲ್ಲಿದೆ ಬಿಡು" ಎಂದು ಸೂಪರ್‌ವೈಸರ್ ಹಲ್ಲು ಕಿರಿದ. ಹಿಂದೆ ನಿಂತಿದ್ದ ಒಬ್ಬಿಬ್ಬರು ನಕ್ಕರು. ನಗದಿದ್ದರೆ ಅವರ ಸರದಿಯಲ್ಲಿ ಕೋಲು ಜೋರಾಗುತ್ತಿತ್ತು.

ಕಡ್ಡಿ ಕತ್ತು ಅಲ್ಲಾಡಿಸದೆ ನಿಂತಿದ್ದಳು. ಅವಳ ತಲೆಗೆ ಸುತ್ತಿದ ಬಟ್ಟೆಯೊಳಗೆ, ತುರುಬಿಗೆ ಒತ್ತಿಕೊಂಡು, ಒಂದು ಕೋಳಿಮರಿ ಇತ್ತು. ಧೂಳಿಗೆಂದು ಹೆಂಗಸರೆಲ್ಲ ತಲೆಗೆ ಬಟ್ಟೆ ಸುತ್ತುತ್ತಿದ್ದರು. ಒಡೆದರೆ ಮುಖದ ಮೇಲೆ ಇಳಿಯುವ ಮೊಟ್ಟೆಯನ್ನು ತಲೆಯಲ್ಲಿ ಬಚ್ಚಿಡುವ ಹುಚ್ಚರು ಯಾರಿದ್ದಾರೆ, ಅದಕ್ಕೇ ಕೋಲು ಕತ್ತಿನಿಂದ ಮೇಲೆ ಬರುತ್ತಿರಲಿಲ್ಲ. ಮರಿ ಒಮ್ಮೆ ಕಾಲು ಕೊಸರಿತು. ಕಡ್ಡಿ ಜೋರಾಗಿ ಕೆಮ್ಮಿದಳು.

"ಹೋಗ್ ಹೋಗ್, ನಿನ್ನ ಕೆಮ್ಮು ನಂಗಂಟಿಸ್ಬೇಡ."

ಕದ್ದ ಮರಿಯೇನಲ್ಲ ಅದು, ಬಿಸಾಡಿದ್ದು. ಮರಿಗಳ ಶೆಡ್ಡಿನಲ್ಲಿ ದಿನಾ ಬೆಳಗ್ಗೆ ಸತ್ತವನ್ನೂ ಸೊಟ್ಟಗಾಲಿನವನ್ನೂ ಆರಿಸಿ ತೆಗೆಯುವುದು ಕಡ್ಡಿಯ ಕೆಲಸ. ಸತ್ತದ್ದು ಸಾಯದ್ದು ಎಂಬ ಭೇದವಿಲ್ಲ, ಎಲ್ಲ ಒಂದೇ ಬಕೆಟ್ಟಿಗೆ. ಬಕೆಟ್ಟು ಫಾರಂ ಹಿಂದಿನ ಗುಂಡಿಗೆ. ಮೇಲೊಂದು ಸಲಿಕೆ ಸುಣ್ಣ. ಸುಣ್ಣದ ಕೆಳಗಿನಿಂದ ಕೆಲವು ದಿನ ಚಿಂವ್ ಚಿಂವ್ ಕೇಳುತ್ತಿತ್ತು. ಮೊದಮೊದಲು ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಆಮೇಲೆ ಸೇರತೊಡಗಿತು.

ಆ ವಾರ ಬಕೆಟ್ಟು ಬೇಗಬೇಗ ತುಂಬುತ್ತಿತ್ತು. ಸತ್ತ ಮರಿಗಳ ಕತ್ತು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತಿತ್ತು. ಯಾಕೆ ಸಾರ್ ಹೀಗೆ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್, "ಸೆಕೆಗೆ ಸತ್ತಿವೆ. ಹೊರಗಡೆ ಎಲ್ಲಾದ್ರೂ ಬಾಯಿಬಿಟ್ಟೆ ಅಂದ್ರೆ ನೀನು, ನಿನ್ನ ಗಂಡ, ನಿನ್ನ ಮಗಳು, ಮೂರೂ ಜನ ಬೀದಿಪಾಲು" ಎಂದಿದ್ದ. ಸೆಕೆಯೂ ಇತ್ತು, ಸುಳ್ಳಲ್ಲ. ನಂಬುವುದು ಸುಲಭವಾಗಿತ್ತು, ನಂಬಿದಳು.

ಅವತ್ತು ಸಂಜೆ ಮತ್ತೊಂದು ಬಕೆಟ್ಟನ್ನು ಗುಂಡಿಗೆ ಬೋರಲು ಹಾಕುವಾಗ ಒಂದು ಮರಿ ಅವಳ ಬೆರಳು ಕುಕ್ಕಿತು. ಕಾಲು ತುಸು ಸೊಟ್ಟ, ಕಣ್ಣು ಮಾತ್ರ ಮಿಣಮಿಣ. ಮನೆಯಲ್ಲಿ ಮಗಳು, ಒಂದು ಮರಿ ತಾರಮ್ಮ, ಒಂದೇ ಒಂದು ಮರಿ ಎಂದು ಪ್ರಾಣ ತಿನ್ನುತ್ತಿದ್ದಳು. ಕಡ್ಡಿ ಅತ್ತ ಇತ್ತ ನೋಡಿ ತಲೆಬಟ್ಟೆ ಬಿಚ್ಚಿದಳು.

*

ಲೈನುಮನೆಗಳಲ್ಲಿ ಯಾರೂ ಕೋಳಿ ಸಾಕುವಂತಿಲ್ಲ, ಅದು ಫಾರಂ ಸಾಹುಕಾರನ ಕಟ್ಟಪ್ಪಣೆ. ಕೂಲಿಯವರ ಕೋಳಿಯಿಂದ ಫಾರಂಗೆ ರೋಗ ಬರುತ್ತದಂತೆ. ಹಾಗಾಗಿ ಮರಿ ದೊಡ್ಡಮ್ಮನ ಹಿತ್ತಲಿಗೆ ಹೋಯಿತು.

ದೊಡ್ಡಮ್ಮ ಎಂದರೆ ಕಡ್ಡಿಗೆ ರಕ್ತಸಂಬಂಧವೇನಲ್ಲ. ಲೈನಿನ ಹಿಂದೆ, ಕಾಲುವೆ ದಂಡೆಯ ಅಂಗೈಯಗಲ ಜಾಗದಲ್ಲಿ ತಗಡಿನ ಮನೆ ಹಾಕಿಕೊಂಡು, ಸಾಹುಕಾರ ಫಾರಂ ಶುರುಮಾಡುವ ಮೊದಲಿನಿಂದಲೂ ಇದ್ದ ಒಂಟಿ ಮುದುಕಿ. ಹಿತ್ತಲ ತುಂಬ ಕೋಳಿ, ಎರಡು ಬಾತು, ಒಂದು ಟರ್ಕಿ ಕೋಳಿ. ಸುಮ್ಮಸುಮ್ಮನೆ ಮೈ ಉಬ್ಬಿಸಿಕೊಂಡು ಕೆನ್ನೆ ಕೆಂಪಗೆ ಮಾಡಿಕೊಂಡು ಓಡಾಡುತ್ತದೆಂದು ಟರ್ಕಿಗೆ ಅವಳು ಸಾಹುಕಾರ ಎಂದೇ ಹೆಸರಿಟ್ಟಿದ್ದಳು. ಮಗಳನ್ನು ಹೆತ್ತ ತಿಂಗಳಿಗೇ ಕಡ್ಡಿ ಕೆಲಸಕ್ಕೆ ಹೋಗಬೇಕಾಗಿ ಬಂದಾಗ ಆ ಕೂಸನ್ನು ಹಗಲೆಲ್ಲ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಇದೇ ದೊಡ್ಡಮ್ಮ. ಇವತ್ತಿಗೂ ಮಗುವಿಗೆ ಬೆಳಗ್ಗೆ ಒಂದು ಬಿಸಿ ಮೊಟ್ಟೆ ತಪ್ಪುತ್ತಿರಲಿಲ್ಲ. ಮರಿ ಆರಿಸಿ ಉಳಿದ ಹೊತ್ತೆಲ್ಲ ಫಾರಂನ ಮೊಟ್ಟೆ ಆರಿಸುವ ತಾಯಿಯ ಕೈಯಲ್ಲಿ ಅದು ಆಗುತ್ತಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಯಾವಾಗಲೂ ಒಂದು ನೀರಿನ ತೊಟ್ಟಿ ಇರುತ್ತಿತ್ತು. ಯಾರೇ ಬರಲಿ, ಕಾಲು ತೊಳೆದು ಒಳಗೆ ಬರಬೇಕು. "ಫಾರಂ ಧೂಳು ನನ್ನ ಹಿತ್ತಲಿಗೆ ಬೇಡ ಕಣೇ. ಆ ಪಾಟಿ ಕೋಳಿ ಒಂದೇ ಸೂರಿನ ಕೆಳಗೆ ತುಂಬಿದ್ರೆ ಎಂಥೆಂಥ ಕಾಯಿಲೆ ಇರುತ್ತೋ" ಎನ್ನುತ್ತಿದ್ದಳು. ಕಡ್ಡಿ ಆ ಸಂಜೆಯೂ ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದಳು. ತೊಳೆದು ಒಳಗೆ ಬಂದು ತಲೆಬಟ್ಟೆ ಬಿಚ್ಚಿದಳು.

"ಅಯ್ಯೋ, ಎಲ್ಲಿತ್ತೇ ಇದು?"

"ರಸ್ತೇಲಿ ಸಿಕ್ತು ದೊಡ್ಡಮ್ಮ. ಯಾವುದೋ ಗಾಡಿಯಿಂದ ಬಿದ್ದಿರ್ಬೇಕು."

ಸುಳ್ಳು ತಡವರಿಸದೆ ಬಂತು. ಬಾಯಿಂದ ಬಿದ್ದ ಮೇಲೆ ಕಡ್ಡಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಮಗಳು ಚಪ್ಪಾಳೆ ತಟ್ಟುತ್ತಿದ್ದಳು, ಅದನ್ನು ನೋಡಿ ಮರೆತಳು.

ಮರಿ ಮಾಡಿದ್ದ ಕೆಂಚಿ ಎಂಬ ಹೇಟೆ ಮೂಲೆಯ ಬುಟ್ಟಿಯಲ್ಲಿ ಕೂತಿತ್ತು. "ಬೆಳಕಲ್ಲಿ ಬಿಟ್ರೆ ಕುಕ್ಕಿ ಸಾಯಿಸ್ತಾಳೆ. ಕತ್ತಲಾಗ್ಲಿ, ಹೊಟ್ಟೆ ಕೆಳಗೆ ತೂರಿಸಿದ್ರೆ ಬೆಳಗ್ಗೆ ತನ್ನದೇ ಅಂದ್ಕೋತಾಳೆ. ಎಣಿಸೋಕೆ ಬರಲ್ಲ ಇವಳಿಗೆ" ಎಂದು ದೊಡ್ಡಮ್ಮ ನಕ್ಕಳು. ಮಬ್ಬು ಕವಿದ ಮೇಲೆ ಕಡ್ಡಿಯೇ ಬಾಗಿ ಮರಿಯನ್ನು ಕೆಂಚಿಯ ರೆಕ್ಕೆಯೊಳಗೆ ಸರಿಸಿದಳು. ಕೆಂಚಿ ಗೊರಗೊರ ಎಂದು ಮೈ ಅಗಲಿಸಿ ಅದನ್ನೂ ಒಳಗೆ ತೆಗೆದುಕೊಂಡಿತು.

*

ವಾರ ತುಂಬುವುದರೊಳಗೆ ಆ ಮರಿ ಸತ್ತಿತು. ಅದರ ಹಿಂದೆ ಕೆಂಚಿ ಹಸಿರು ಹಿಕ್ಕೆ ಹಾಕುತ್ತ, ಬಾಯಿ ತೆರೆದು ಉಸಿರು ಎಳೆಯುತ್ತ ಕೂತಿತು. ಮಾರನೇ ಬೆಳಗ್ಗೆ ಅದರ ಕತ್ತು ತಿರುಚಿಕೊಂಡು ಆಕಾಶ ನೋಡುತ್ತಿತ್ತು. ಆಮೇಲೆ ಹುಂಜ. ಆಮೇಲೆ ಗೂಡಿಗೆ ಗೂಡೇ. ಬಾತು ಎರಡು ಉಳಿದವು.

"ನಮ್ಮ ಸಾಹುಕಾರನೂ ಹೋದ ಕಣೇ" ಎಂದಳು ದೊಡ್ಡಮ್ಮ. ಟರ್ಕಿ ಅವಳ ತೊಡೆಯ ಮೇಲಿತ್ತು, ರೆಕ್ಕೆ ಜೋತು ನೆಲ ಮುಟ್ಟಿತ್ತು. ನಗಬೇಕಾದ ಮಾತಿಗೆ ಇಬ್ಬರೂ ನಗಲಿಲ್ಲ. "ಎಲ್ಲಿ ತಪ್ಪಿದೆ ನಾನು? ನೀರು ಬದಲಾಯಿಸ್ದೆ. ಬೂದಿ ಹಾಕ್ದೆ. ಕಾಲು ತೊಳೀದೆ ಯಾರನ್ನೂ ಒಳಗೆ ಬಿಡ್ಲಿಲ್ಲ. ವಯಸ್ಸಾಯ್ತು, ಏನೋ ಮರೆತಿರ್ಬೇಕು."

ಕಡ್ಡಿ ಗುಂಡಿ ತೋಡುತ್ತಿದ್ದಳು. ತಿರುಚಿದ ಕತ್ತುಗಳನ್ನು ನೋಡಿದೊಡನೆ ಅವಳಿಗೆ ಎಲ್ಲ ಗೊತ್ತಾಗಿಹೋಗಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಅದರ ಬದಲು ಸಲಿಕೆಯನ್ನು ಇನ್ನೂ ಆಳಕ್ಕೆ ಹಾಕಿದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಲಾರಿಗೆ ಕೋಳಿ ತುಂಬುವ ಕೆಲಸ ಅವನದು, ಮುಂಗೈ ತುಂಬ ಉಗುರಿನ ಗೀರು. ಅವನು ಆ ಗೀರುಗಳನ್ನೇ ಸವರಿಕೊಂಡ.

"ಬಾಯಿ ಮುಚ್ಕೊಂಡಿರು" ಎಂದ. "ಮುದುಕಿಗೆ ಕೋಳಿ ಹೋಯ್ತು. ನೀನು ಬಾಯಿಬಿಟ್ರೆ ನಮಗೆ ಸೂರು ಹೋಗುತ್ತೆ. ಮಗೂನ ಎಲ್ಲಿ ಮಲಗಿಸ್ತೀಯ?"

"ಅವಳು ತನ್ನದೇ ತಪ್ಪು ಅಂದ್ಕೊಂಡವಳೆ."

"ಅಂದ್ಕೊಳ್ಲಿ."

ಹಾಗೆಂದವನು ಅವಳ ಮುಖ ನೋಡಲಿಲ್ಲ. ಮಾರನೇ ಬೆಳಗ್ಗೆ ಮಗಳು ಮೊಟ್ಟೆ ಎಲ್ಲಿ ಎಂದು ಕೇಳಿದಳು. ಕಡ್ಡಿ ಅವಳಿಗೆ ಕಾರಣವಿಲ್ಲದೆ ಒಂದು ಏಟು ಕೊಟ್ಟಳು, ಆಮೇಲೆ ಶೆಡ್ಡಿಗೆ ಹೋಗಿ ಬಕೆಟ್ಟು ಹಿಡಿದುಕೊಂಡು ಅತ್ತಳು.

*

ಫಾರಂನಲ್ಲಿ ಮರಿ ಸಾಯುತ್ತಿರುವ ಸುದ್ದಿ ವ್ಯಾಪಾರಿಗಳ ಕಿವಿಗೆ ಬಿದ್ದಿತ್ತು. ರೋಗ ಫಾರಂನದು ಎಂದಾದರೆ ಸಾಹುಕಾರನಿಂದ ಯಾರೂ ಒಂದು ಮರಿಯನ್ನೂ ಕೊಳ್ಳುವುದಿಲ್ಲ. ರೋಗಕ್ಕೆ ಬೇರೊಂದು ಮನೆ ಬೇಕಿತ್ತು. ಕಾಲುವೆ ದಂಡೆಯ ಜಾಗದ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣಿತ್ತು.

ಅವತ್ತೇ ಮಧ್ಯಾಹ್ನ ಸಾಹುಕಾರ ಸರ್ಕಾರಿ ಪಶುವೈದ್ಯರನ್ನು ಕಾರಿನಲ್ಲಿ ಕೂರಿಸಿಕೊಂಡು ದೊಡ್ಡಮ್ಮನ ಹಿತ್ತಲಿಗೆ ಬಂದ. ಜೊತೆಗೆ ಸೂಪರ್‌ವೈಸರ್, ಅವನ ಹಿಂದೆ ಕೆಲಸದಿಂದ ಎಬ್ಬಿಸಿ ತಂದ ಕಡ್ಡಿ ಮತ್ತು ಅವಳ ಗಂಡ. ಯಾರೂ ಕಾಲು ತೊಳೆಯಲಿಲ್ಲ. ಸಾಹುಕಾರನ ಬೂಟಿಗೆ ತೊಟ್ಟಿ ತಗುಲಿ ನೀರು ತುಳುಕಿತು.

"ನೋಡಿ ಡಾಕ್ಟ್ರೇ, ಇದೇ ರೋಗದ ತವರು. ಇಲ್ಲಿಂದ ಕಾಗೆ, ನೊಣ ಎಲ್ಲ ನನ್ನ ಶೆಡ್ಡಿಗೇ ಬರ್ತವೆ."

ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. "ಲಸಿಕೆ ಹಾಕ್ಸಿದ್ಯೇನಮ್ಮ ಕೋಳಿಗಳಿಗೆ?"

"ನಿಮ್ಮ ಆಫೀಸಿಗೇ ಬಂದಿದ್ದೆ ಸ್ವಾಮಿ. ಒಂದು ಬಾಟ್ಲಿ ಔಷಧಿ ನೂರು ಕೋಳಿಗೆ ಆಗೋದು, ನಿನ್ನ ನಾಲ್ಕು ಕೋಳಿಗೋಸ್ಕರ ಬಾಟ್ಲಿ ತೆಗೆಯಕ್ಕಾಗಲ್ಲ ಹೋಗು ಅಂದ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ತಿರುಗಿ ಮಾತಾಡ್ತೀಯಾ, ಮುದಿ ಗೂಬೆ" ಎಂದು ಸಾಹುಕಾರ ಹತ್ತಿರ ಬಂದ. "ನಿನ್ನ ದರಿದ್ರ ಕೋಳಿಯಿಂದ ನನ್ನ ಫಾರಂಗೆ ಫಾರಂ ಸಾಯ್ತಾ ಇದೆ. ಸಂಜೆ ಒಳಗೆ ಈ ಗೂಡು, ಈ ತಗಡು, ಎಲ್ಲ ಕಿತ್ತು ಸುಟ್ಟು ಜಾಗ ಖಾಲಿ ಆಗ್ಬೇಕು. ಏ ಕಡ್ಡಿ, ಆ ಬಾತು ಹಿಡ್ದು ಚೀಲಕ್ಕೆ ತುಂಬು. ಅವೂ ಸಾಯ್ಲಿ. ನಿನ್ನ ಗಂಡ ತಗಡು ಕೀಳ್ಲಿ. ಏನೋ, ಕಿವಿ ಕೇಳಲ್ವಾ ಬೋಳಿಮಗನೆ?"

ಗಂಡ ಸೂರಿನ ಮೇಲೆ ಹತ್ತಿದ. ಮೊದಲ ತಗಡು ಕಿರ್ ಎಂದು ಎದ್ದಿತು. ಕಡ್ಡಿ ಚೀಲ ಹಿಡಿದುಕೊಂಡು ಬಾತುಗಳ ಕಡೆ ಹೋದಳು. ದಿನಾ ಅಕ್ಕಿನುಚ್ಚು ಹಾಕುವ ಕೈ ಅದು, ಬಾತುಗಳು ಓಡಲಿಲ್ಲ. ಕತ್ತು ಚಾಚಿಕೊಂಡು ತಾವೇ ಅವಳ ಹತ್ತಿರ ಬಂದವು. ಎರಡನ್ನೂ ಚೀಲಕ್ಕಿಟ್ಟು ಬಾಯಿ ಕಟ್ಟಿದಳು.

ಆಗ ದೊಡ್ಡಮ್ಮ ಮುಂದೆ ಬಂದಳು. ಯಾರ ಮುಂದೆಯೂ ಬಾಗದವಳು, ಒಮ್ಮೆ ಸೂಪರ್‌ವೈಸರನನ್ನೇ ಪೊರಕೆ ಹಿಡಿದು ಅಟ್ಟಿದವಳು. ಸಾಹುಕಾರನ ಮುಂದೆ ಎರಡೂ ಕೈ ಜೋಡಿಸಿದಳು.

"ತಪ್ಪಾಯ್ತು ಸ್ವಾಮಿ. ನನ್ನಿಂದ ಇಷ್ಟು ಜೀವ ಹೋಯ್ತು ಅಂದ್ರೆ ನನಗೂ ಹೊಟ್ಟೆ ಉರಿಯುತ್ತೆ. ನಾನು ಸರಿಯಾಗಿ ನೋಡ್ಕೊಳ್ಲಿಲ್ಲ, ನಂದೇ ತಪ್ಪು. ಮನೆ ಒಂದು ಬಿಟ್ಬಿಡಿ."

ಸಾಹುಕಾರ ಡಾಕ್ಟರ ಕಡೆ ತಿರುಗಿದ. "ಕೇಳಿದ್ರಲ್ಲ? ಅವಳ ಬಾಯಲ್ಲೇ ಬಂತು."

ಕಡ್ಡಿ ಚೀಲವನ್ನು ದೊಡ್ಡಮ್ಮನ ಕಾಲ ಬಳಿ ಇಳಿಸಿ ಹಿತ್ತಲ ಬಾಗಿಲ ಕಡೆ ನಡೆದಳು.

"ಎಲ್ಲಿಗೇ?" ಎಂದ ಸೂಪರ್‌ವೈಸರ್.

"ಸುಣ್ಣ ತರಕ್ಕೆ."

ರೋಗದ ಜಾಗಕ್ಕೆ ಸುಣ್ಣ ಬೇಕೇ ಬೇಕು, ಅವನು ದಾರಿ ಬಿಟ್ಟ.

ವಾಪಸ್ಸು ಬಂದಾಗ ಅವಳ ಕೈಯಲ್ಲಿ ಶೆಡ್ಡಿನ ಬಕೆಟ್ಟಿತ್ತು. ಭಾರಕ್ಕೆ ಆ ಕಡ್ಡಿ ಮೈ ಒಂದು ಪಕ್ಕಕ್ಕೆ ವಾಲಿತ್ತು. ನೇರ ಡಾಕ್ಟರ ಮುಂದೆ ಬಂದು ಅವರ ಬೂಟಿನ ಮೇಲೆ ಬೋರಲು ಹಾಕಿದಳು. ಸುಣ್ಣ ಮೆತ್ತಿದ ಮರಿಗಳು, ಕೆಲವು ಊದಿದ್ದವು, ಕೆಲವಕ್ಕೆ ಹುಳ ಬಿದ್ದು ಎಲುಬು ಕಾಣುತ್ತಿತ್ತು. ಕತ್ತು ಉಳಿದಿದ್ದ ಎಲ್ಲವುಗಳ ಕತ್ತೂ ತಿರುಚಿಕೊಂಡಿತ್ತು. ಡಾಕ್ಟರು ಹಿಂದಕ್ಕೆ ಹಾರಿದರು.

"ಇವು ಮೊದ್ಲು ಸತ್ತವು ಡಾಕ್ಟ್ರೇ. ದೊಡ್ಡಮ್ಮನ ಕೋಳಿ ಆಮೇಲೆ. ಗುಂಡೀಲಿ ಅಗೆದಷ್ಟೂ ಇದಾವೆ. ನಾನೇ ಹೊತ್ತು ಹಾಕಿರೋದು."

"ಈ ಲೌಡಿ ಮಾತು ಕೇಳ್ಬೇಡಿ" ಎಂದು ಸಾಹುಕಾರ ಅರಚಿದ. "ಕಳ್ಳಿ ಇವಳು. ಎಲ್ಲ ಕಳ್ಳಿಯರೇ, ದಿನಾ ಗೇಟಲ್ಲಿ ಜಾಲಾಡ್ಬೇಕು ಇವ್ರನ್ನ."

"ಹೌದು, ಕದ್ದೆ" ಎಂದಳು ಕಡ್ಡಿ. ತಲೆಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಳು. ಸಾಹುಕಾರನನ್ನು ನೋಡಿಕೊಂಡು ಇಷ್ಟು ಹೇಳುವುದು ಸುಲಭವಾಗಿತ್ತು. ದೊಡ್ಡಮ್ಮನ ಕಡೆ ತಿರುಗಿ ಆ ಬಟ್ಟೆಯನ್ನು ಮುಂದೆ ಚಾಚಿದಳು. "ಆ ಮರಿ ರಸ್ತೇಲಿ ಸಿಕ್ಕಿದ್ದಲ್ಲ ದೊಡ್ಡಮ್ಮ. ಫಾರಂದು. ಇದರೊಳಗೆ ಇಟ್ಕೊಂಡು ಬಂದೆ. ನಾನೇ ತಂದು ಕೆಂಚಿ ಕೆಳಗೆ ತೂರಿಸ್ದೆ. ಗೊತ್ತಾದ ಮೇಲೂ ಸುಮ್ನಿದ್ದೆ."

ಸೂರಿನ ಮೇಲೆ ಗಂಡ ತಗಡು ಹಿಡಿದವನು ಹಾಗೇ ನಿಂತುಬಿಟ್ಟ. ಸೂಪರ್‌ವೈಸರ್ ಆಗಲೇ ಲೈನಿನ ಕಡೆ ಓಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕಡ್ಡಿಯ ಮನೆಯ ಪಾತ್ರೆಗಳು ಅಂಗಳಕ್ಕೆ ಬೀಳುವ ಸದ್ದು, ಮಗಳು ಅಳುವ ಸದ್ದು ಕೇಳತೊಡಗಿತು.

ಜೋಡಿಸಿದ್ದ ಕೈಗಳನ್ನು ದೊಡ್ಡಮ್ಮ ಇನ್ನೂ ಬಿಡಿಸಿರಲಿಲ್ಲ. ನಿಧಾನಕ್ಕೆ ಕೆಳಗಿಳಿಸಿದಳು. ಬಾಗಿಲ ಬಳಿಯ ತೊಟ್ಟಿಯನ್ನು ನೋಡಿದಳು.

"ಅವತ್ತೂ ಕಾಲು ತೊಳ್ಕೊಂಡೇ ಬಂದೆ ಕಣೇ ನೀನು" ಎಂದಳು. ಬೈದಿದ್ದರೆ ಚೆನ್ನಾಗಿತ್ತು, ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಡಾಕ್ಟರು ಕಾರಿನ ಬಾಗಿಲಿಗೆ ಕೈ ಹಾಕಿದ್ದರು. "ಇವು ಎಲ್ಲಿಯವು ಅಂತ ನಾನು ಹೇಗೆ ನಂಬ್ಲಿ?" ಎಂದರು, ಯಾರಿಗೆಂದು ತಿಳಿಯದ ಹಾಗೆ.

"ನಿಂತಿರಿ, ಹೋಗ್ಬೇಡಿ" ಎಂದಳು ಕಡ್ಡಿ. "ಇನ್ನೂ ತರ್ತೀನಿ."

ಖಾಲಿ ಬಕೆಟ್ಟು ಎತ್ತಿಕೊಂಡು ಮತ್ತೆ ಗುಂಡಿಯ ದಾರಿ ಹಿಡಿದಳು. ಸಾಹುಕಾರ ಹಿಂದಿನಿಂದ ಅವಳ ಹುಟ್ಟು ಜಾಲಾಡುತ್ತಿದ್ದ, ಅದೊಂದೂ ಅವಳಿಗೆ ತಟ್ಟಲಿಲ್ಲ. ದೊಡ್ಡಮ್ಮ ಒಂದು ಸಲ ಕೂಗಲಿ, ಬೈಯುವುದಕ್ಕಾದರೂ ಕೂಗಲಿ ಎಂದು ಕಿವಿಯೆಲ್ಲ ಅಲ್ಲೇ ಇತ್ತು. ಗುಂಡಿ ತಲುಪಿ ಸಲಿಕೆ ಹಾಕುವವರೆಗೂ ಹಿತ್ತಲಿನಿಂದ ಕೇಳಿಸಿದ್ದು ಚೀಲದೊಳಗಿನ ಬಾತುಗಳ ಕೂಗು ಮಾತ್ರ.