ಅಳಿಸಿದ ಎರಡು ಹಲ್ಲು

ಜಾಹೀರಾತು ಆಫೀಸಿನಲ್ಲಿ ಅವಳಿಗೆ ಕತ್ತರಿ ಅಂತಲೇ ಹೆಸರು. ಯಾವ ಫೋಟೋ ಕೊಟ್ಟರೂ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಆಳನ್ನು ಕಂಪ್ಯೂಟರಿನಲ್ಲಿ ಹಿನ್ನೆಲೆಯಿಂದ ಕತ್ತರಿಸಿ ಬಿಡಿಸಿಡುತ್ತಿದ್ದಳು. ಪೋಸ್ಟರು, ಕರಪತ್ರ, ಔಷಧಿ ಡಬ್ಬಿಯ ಲೇಬಲ್ಲು ಅಂತ ಹನ್ನೊಂದು ವರ್ಷ ಪಳಗಿದ ಕೈ.

ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಸಂಜೆಯೊಳಗೆ ಪೋಸ್ಟರ್ ಬೇಕಿತ್ತು. ಹುಡುಕುತ್ತಾ ಹೋದವಳಿಗೆ ಇಂಟರ್‌ನೆಟ್ಟಿನಲ್ಲಿ ಒಬ್ಬ ಅಜ್ಜಿ ಸಿಕ್ಕಳು. ಕಣ್ಣು ಮುಚ್ಚಿಹೋಗುವಷ್ಟು ಬಾಯ್ತುಂಬ ನಗು. ಕೆಳಗೆ ಸಣ್ಣಕ್ಷರದಲ್ಲಿ ಫೋಟೋ ತೆಗೆದವರ ಹೆಸರು, ಪಕ್ಕದಲ್ಲಿ ‘ಕೇಳದೆ ಬಳಸಬೇಡಿ’. ಅದನ್ನು ನೋಡಲೇ ಇಲ್ಲ ಅಂತ ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ, ಓದಿದ್ದಳು. ಯಾರಿಗೆ ಗೊತ್ತಾಗುತ್ತೆ ಅಂತ ಹೆಸರು ಒರೆಸಿದಳು. ಚಿಕಿತ್ಸೆಗೆ ಮೊದಲು, ಆಮೇಲೆ ಅಂತ ಎರಡು ಚಿತ್ರ ಬೇಕಲ್ಲ, ಮೊದಲನೆಯದರಲ್ಲಿ ಅಜ್ಜಿಯ ಮುಂದಿನ ಎರಡು ಹಲ್ಲನ್ನೂ ಅಳಿಸಿದಳು. ಆಫೀಸಿನ ಯಜಮಾನರು ನೋಡಿ, "ಭೇಷ್" ಅಂದರು.

ಪೋಸ್ಟರು ಊರ ಗೋಡೆಗಳ ಮೇಲೆ ಬಂದ ಹತ್ತು ದಿನಕ್ಕೆ, ಅದರ ಮೂಲೆಯಲ್ಲಿದ್ದ ವಿಳಾಸ ಹಿಡಿದು ಒಬ್ಬ ಹೆಂಗಸು ಆಫೀಸಿಗೆ ಬಂದರು. ಶಾಲೆಯ ಟೀಚರು, ಹೆಗಲಲ್ಲಿ ಉತ್ತರಪತ್ರಿಕೆಗಳ ಚೀಲ.

"ಆ ಹಲ್ಲಿನ ಪೋಸ್ಟರಿನ ಫೋಟೋ ಎಲ್ಲಿಂದ ತಗೊಂಡ್ರಿ?"

ಯಜಮಾನರು ಕುರ್ಚಿ ಎಳೆದು ಕೊಟ್ಟರು. "ಫೋಟೋ ಮಾರೋ ಕಂಪನಿಗಳಿರ್ತವಲ್ಲಮ್ಮ, ಅಲ್ಲಿಂದ. ಲೈಸೆನ್ಸ್ ಇದೆ." ಅವಳ ಕಡೆ ತಿರುಗಿದರು. "ಇದೆ ತಾನೇ?"

"ಇದೆ," ಅಂದಳು ಕತ್ತರಿ.

ಟೀಚರು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ಅದೇ ನಗು, ಕೆಳಗೆ ಹೆಸರು. "ನಮ್ಮಮ್ಮ ಇವರು. ತೆಗೆದಿದ್ದು ನಾನು. ಹೋದ ವರ್ಷ ತೀರಿಕೊಂಡ್ರು. ಎಂಬತ್ತೆರಡು ವರ್ಷಕ್ಕೂ ಒಂದು ಹಲ್ಲು ಅಲ್ಲಾಡಿರಲಿಲ್ಲ. ಮನೆಗೆ ಯಾರೇ ಬರಲಿ, ಅದನ್ನೇ ಹೇಳ್ಕೊಂಡು ಬೀಗೋರು. ನನ್ನ ತಂಗಿ ಬಸ್ಸಿಗೆ ಕಾಯ್ತಾ ಈ ಪೋಸ್ಟರ್ ನೋಡಿ ಅಲ್ಲೇ ಕುಸಿದು ಕೂತ್ಲು."

"ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ಅದು ಎಲ್ಲರದ್ದೂ..." ಅಂತ ಯಜಮಾನರು ಶುರು ಮಾಡಿದರು.

ಕತ್ತರಿ ನಡುವೆಯೇ ಬಾಯಿಹಾಕಿದಳು. "ಲೈಸೆನ್ಸ್ ಇಲ್ಲ ಸರ್. ಈಗ ಹೇಳಿದ್ದು ಸುಳ್ಳು. ಹೆಸರು ಒರೆಸಿದವಳು ನಾನೇ. ಹಲ್ಲನ್ನೂ." ಆಮೇಲೆ ಟೀಚರ ಕಡೆ ತಿರುಗಿ, "ನಿಮ್ಮನ್ನ ಕೇಳಬೇಕಿತ್ತು," ಅಂದಳು.

"ಕೇಳಿದ್ದಿದ್ರೆ ಬೇಡ ಅಂತಿದ್ದೆ," ಅಂದರು ಟೀಚರು. "ಅದು ಗೊತ್ತಿದ್ದೇ ಕೇಳಲಿಲ್ಲ ನೀವು."

ಮೊಬೈಲ್ ಎತ್ತಿ ಚೀಲಕ್ಕೆ ಹಾಕಿದರು. ಜಿಪ್ ಎಳೆದು ಹೊರಟುಹೋದರು.

ಡಾಕ್ಟರಿಗೆ ಅವಳೇ ಫೋನ್ ಮಾಡಿ ನಡೆದದ್ದು ಹೇಳಿ ಬೈಸಿಕೊಂಡಳು. ಭಾನುವಾರ ಒಂದು ಬಕೆಟ್ ನೀರು, ಒಂದು ತಗಡಿನ ಚೂರು ಹಿಡಿದು ಗೋಡೆ ಗೋಡೆ ಸುತ್ತಿದಳು. ಅಂಟು ಗಟ್ಟಿಯಾಗಿತ್ತು, ಅಜ್ಜಿಯ ಮುಖ ಚೂರುಚೂರಾಗಿಯೇ ಕಿತ್ತುಬರುತ್ತಿತ್ತು. ಬಸ್ ನಿಲ್ದಾಣದ ಪೇಪರ್ ಅಂಗಡಿಯವನು, "ಯಾಕಕ್ಕಾ, ಚೆನ್ನಾಗೇ ಇತ್ತಲ್ಲ?" ಅಂದ.

"ಕದ್ದಿದ್ದು," ಅಂದಳು. ಆ ಮಾತು ಬಾಯಿಂದ ಬಂದಾಗ ಪಕ್ಕದಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅವಳು ಉಗುರಿನಿಂದ ಕೆರೆಯುತ್ತಲೇ ಇದ್ದಳು.

ಟೀಚರಿಗೆ ಒಂದು ಪತ್ರ ಬರೆದಳು, ನೆಪಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಆರು ಸಾಲು ಉಳಿಯಿತು, ಕೆಳಗೆ ತನ್ನ ಫೋನ್ ನಂಬರು. ವಾರದ ಮೇಲೆ ಮೊಬೈಲಿಗೆ ಉತ್ತರ ಬಂತು: "ಗೋಡೆಗಳು ಖಾಲಿ ಆಗಿರೋದು ನೋಡಿದೆ." ಕ್ಷಮಿಸಿದ್ದೇನೆ ಅಂತ ಅದರಲ್ಲಿ ಇರಲಿಲ್ಲ. ಇನ್ನೂ ಏನಾದರೂ ಬರಬಹುದು ಅಂತ ಅವಳು ಸ್ವಲ್ಪ ಹೊತ್ತು ಕಾದಳು.